ಹೊನ್ನಾಳಿ, ಮೈನಸ್ ಎನ್

ಈಗ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ಸಿಟ್ಟು ಬರುವುದಿಲ್ಲ, ನನಗೆ ಬರುತ್ತಿತ್ತು. ಜಿಲ್ಲೆಯ ಒಂದು ಕಚೇರಿಯ ಮೂಲೆಯಲ್ಲಿ, ಮಳೆಗಾಲದ ಎಚ್ಚರಿಕೆ ಕೊಡುವ ಮೂರೇ ಟೇಬಲ್ಲಿನ ವಿಭಾಗದಲ್ಲಿ, ನನ್ನ ತಲೆಕೂದಲು ಕಪ್ಪಿದ್ದಾಗ ಕೂತವಳು ಬೆಳ್ಳಗಾದ ಮೇಲೆ ಎದ್ದೆ. ಈಗ ಹೊನ್ನಾಳಿಯಲ್ಲಿ, ಹೊಳೆ ದಂಡೆ ಕಡೆಯ ಓಣಿಯಲ್ಲಿರುವ ನಮ್ಮ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬ ಪುರಾಣ ಇಲ್ಲಿ ಇಲ್ಲ. ಅದನ್ನು ನಮ್ಮ ಯಜಮಾನರಿಗೆ ದಿನಾ ಹೇಳಿ ಹೇಳಿ ಮುಗಿಸಿದ್ದೇನೆ.

ನಮ್ಮ ಕೆಲಸ ಇಷ್ಟೇ. ಹೊಳೆ ಏರಿದರೆ, ಕೆರೆ ಕೋಡಿ ಬಿದ್ದರೆ, ಸಿಡಿಲಿನ ಮುನ್ಸೂಚನೆ ಬಂದರೆ ಆಯಾ ತಾಲ್ಲೂಕಿನ ಊರುಗಳಿಗೆ ತಿಳಿಸಬೇಕು. ಮೊದಮೊದಲು ಫೋನು ಮಾಡುತ್ತಿದ್ದೆವು, ಅಲ್ಲಿಂದ ಯಾರೋ ಸೈಕಲ್ಲು ಹತ್ತಿ ಹೋಗಿ ಡಂಗುರ ಹೊಡೆಸುತ್ತಿದ್ದರು. ಆಮೇಲೆ ಮೊಬೈಲು ಬಂತು, ಮೆಸೇಜು ಬಂತು. ಮೆಸೇಜು ಕಳಿಸಲು ಸ್ಕ್ರಿಪ್ಟ್ ಬರೆಯುವವರು ಬೇಕಾಯಿತು. ಹದಿನೈದು ದಿನದ ತರಬೇತಿಗೆ ಹೋಗಿ ಬಂದಿದ್ದವಳು ನಾನೊಬ್ಬಳೇ ಆದ್ದರಿಂದ ಅದು ನನ್ನ ತಲೆಗೆ ಬಿತ್ತು.

ಸ್ಕ್ರಿಪ್ಟ್ ಎಂದರೆ ಗಾಬರಿಯಾಗಬೇಡಿ. ಯಂತ್ರ ಏನೇನು ಮಾಡಬೇಕು ಎಂದು ಒಂದರ ಕೆಳಗೆ ಒಂದು ಬರೆದಿಟ್ಟ ಚೀಟಿ ಅದು. ಅದರ ಹೆಸರು ಟೈಪು ಮಾಡಿ ಎಂಟರ್ ಒತ್ತಿದರೆ ಕೆಲಸ ಶುರು. ಹೆಸರಿನ ಜೊತೆ, ಈ ಸಲ ಹೆಂಗೆ ಮಾಡಬೇಕು ಎಂದು ಸೇರಿಸುವ ಮಾತಿಗೆ ಆಪ್ಷನ್ ಎನ್ನುತ್ತಾರೆ. ಹೋಟೆಲ್ಲಿನಲ್ಲಿ ಕೂತು "ಒಂದು ಟೀ, ಸಕ್ಕರೆ ಕಮ್ಮಿ" ಅನ್ನುತ್ತೇವಲ್ಲ, ಆ ಸಕ್ಕರೆ ಕಮ್ಮಿ ಅನ್ನುವುದೇ ಆಪ್ಷನ್. ನಾನು ಸೇವೆಯಲ್ಲಿ ಕಲಿತದ್ದೆಲ್ಲ ಹೆಚ್ಚೂಕಡಿಮೆ ಈ ಸಕ್ಕರೆ ಕಮ್ಮಿಯನ್ನು ಯಂತ್ರಕ್ಕೆ ತಿಳಿಸುವ ವಿದ್ಯೆ.

ನನ್ನ ಮೊದಲ ಮೇಲಧಿಕಾರಿ ರುದ್ರಪ್ಪ ಸರ್. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು, ಅದನ್ನೂ ಕೀಲಿಗೆ ನೋವಾದೀತು ಎಂಬಂತೆ. ಅವರ ಕಾಲದಲ್ಲಿ ನನಗೆ ಆಪ್ಷನ್ ಗೀಪ್ಷನ್ ಗೊತ್ತಿರಲಿಲ್ಲ. ಚನ್ನಗಿರಿಗೆ ಒಂದು ಸ್ಕ್ರಿಪ್ಟ್, ಹೊನ್ನಾಳಿಗೆ ಒಂದು, ಜಗಳೂರಿಗೆ ಒಂದು ಎಂದು ಒಂದೊಂದು ತಾಲ್ಲೂಕಿಗೂ ಬೇರೆ ಬೇರೆ ಬರೆದಿಟ್ಟುಕೊಂಡಿದ್ದೆ. ಹೊನ್ನಾಳಿಯದನ್ನು ನಕಲು ಮಾಡಿ, ಊರಿನ ಪಟ್ಟಿ ಬದಲಿಸಿ, ಜಗಳೂರಿನದು ಎಂದು ಹೆಸರಿಟ್ಟಿದ್ದೆ. ಒಳಗಿನ ಮೆಸೇಜು ಬದಲಿಸಲು ಮರೆತಿದ್ದೆ.

ಒಂದು ದಿನ ಬರದ ಸೀಮೆಯ ಜಗಳೂರಿಗೆ ಸಿಡಿಲಿನ ಎಚ್ಚರಿಕೆ ಕಳಿಸಬೇಕಾಯಿತು. ಆಗ ಮೆಸೇಜು ಹೋಗುತ್ತಿದ್ದುದು ಊರಿಗೆ ನಾಲ್ಕೈದು ಜನರಿಗೆ ಮಾತ್ರ. ಐದೇ ನಿಮಿಷಕ್ಕೆ ಫೋನು ಬಂತು.

"ಮೇಡಮ್ಮೋರೆ, ಜಗಳೂರು ಕಡೆಯಿಂದ ಮಾತಾಡ್ತಿರೋದು. ಹೊಳೆ ನೀರು ಏರ್ತಾ ಐತೆ, ದಂಡೆಯೋರು ಎತ್ತರದ ಜಾಗಕ್ಕೆ ಹೋಗ್ರಿ ಅಂತ ಬಂದೈತೆ. ಯಾವ ಹೊಳೆ ರೀ?"

"ತಪ್ಪಾಗೈತೆ, ನೀವು ಗಾಬರಿಯಾಗಿ ಎಲ್ಲೂ ಓಡಿ ಹೋಗಬ್ಯಾಡ್ರಿ" ಅಂದೆ.

"ಓಡಿ ಯಾಕೆ ಹೋಗಾನ ರೀ? ನಮ್ಮ ಜಗಳೂರಿಗೆ ಹೊಳೆ ಬರ್ತೈತೆ ಅಂದ್ರೆ ಆರತಿ ತಗಂಡು ಎದುರಿಗೆ ಹೋಗ್ತೀವಿ. ಎಷ್ಟೊತ್ತಿಗೆ ಬರ್ತೈತೆ ಅಷ್ಟು ಹೇಳ್ರಿ."

ರುದ್ರಪ್ಪ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು, "ಅಲ್ಲವ್ವ, ಮೂರು ಮಕ್ಕಳಿದ್ರೆ ಮೂರು ಒಲೆ ಹಚ್ತೀಯೇನು? ಒಲೆ ಒಂದೇ ಇರಲಿ. ಯಾರಿಗೆ ಬಡಿಸಬೇಕು ಅಂತ ಬಡಿಸೋವಾಗ ಹೇಳು" ಅಂದರು. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಆ ಮನುಷ್ಯ ಹೇಳಿದ್ದನ್ನೇ ದಪ್ಪ ಪುಸ್ತಕಗಳು ನೂರು ಪುಟದಲ್ಲಿ ಹೇಳುತ್ತವೆ. ಅವರು ಈಗಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ "ಏನವ್ವ, ಇವತ್ತು ಯಾವ ಊರು ಮುಳುಗಿಸ್ದೆ?" ಎಂದು ಕೇಳುತ್ತಿದ್ದ ಅವರ ದನಿ ಇನ್ನೂ ಕಿವಿಯಲ್ಲಿದೆ.

ಹಾಗೆ ಒಂದೇ ಸ್ಕ್ರಿಪ್ಟ್ ಆಯಿತು. ಮೊದಲನೆಯ ಪದ ತಾಲ್ಲೂಕು, ಎರಡನೆಯ ಪದ ಎಚ್ಚರಿಕೆ ಯಾವುದು ಎಂಬುದು. ಯಾರಾದರೂ ಹಿಂದುಮುಂದು ಮಾಡಿದರೆ ಯಂತ್ರ ಸಿಡಿಲು ಎಂಬ ತಾಲ್ಲೂಕನ್ನು ಜಿಲ್ಲೆಯಲ್ಲೆಲ್ಲ ಹುಡುಕಿ, ಸಿಗಲಿಲ್ಲ ಎಂದು ವರದಿ ಕೊಡುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ, ಆಪ್ಷನ್‌ಗಳನ್ನು ಒಂದೊಂದಾಗಿ ಬಿಡಿಸಿ ಕೊಡುವ ಒಂದು ಸಿದ್ಧ ಆಜ್ಞೆ ನಾವು ಸ್ಕ್ರಿಪ್ಟ್ ಬರೆಯುವ ಶೆಲ್ ಎಂಬ ಭಾಷೆಯಲ್ಲೇ ಇದೆ ಎಂದು ತಿಳಿಯಿತು. ಅದನ್ನು ಮೊದಲ ಸಲ ಓಡಿಸಿ ನೋಡಿದ ದಿನ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಯಜಮಾನರು ಇದನ್ನು ಓದುತ್ತಾರೆ, ಓದಲಿ.

ಆಗ ನಾನು ಸೇರಿಸಿದ ಆಪ್ಷನ್‌ಗಳಲ್ಲಿ ನನಗೆ ಬಹಳ ಹೆಮ್ಮೆ ತಂದದ್ದು ಮೈನಸ್ ಎನ್. ಒಂದು ಅಡ್ಡಗೆರೆ, ಅದರ ಮುಂದೆ ಎನ್ ಅಕ್ಷರ. ಅದನ್ನು ಹಾಕಿದರೆ ಯಾರು ಯಾರಿಗೆ ಏನು ಹೋಗುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತದೆ, ಕಳಿಸುವುದಿಲ್ಲ. ಹಾಕದಿದ್ದರೆ ಸೀದಾ ಕಳಿಸಿಬಿಡುತ್ತದೆ. ಎಚ್ಚರಿಕೆ ಯಾವುದು ಎಂಬುದನ್ನೂ ಆಪ್ಷನ್ ಮಾಡಿದ್ದೆ, ಅದನ್ನು ಹೇಳದಿದ್ದರೆ ಹೊಳೆ ಏರಿದ ಮೆಸೇಜೇ ಹೋಗುತ್ತಿತ್ತು. ನ್ಯಾಮತಿ ಬೇರೆ ತಾಲ್ಲೂಕಾದಾಗ ಸವಳಂಗ, ಸೂರಗೊಂಡನಕೊಪ್ಪ ಎಲ್ಲ ಹೊನ್ನಾಳಿ ಪಟ್ಟಿಯಿಂದ ಹೊಸ ಪಟ್ಟಿಗೆ ಬಂದವಲ್ಲ, ಆಗ ಒಂದು ತಿಂಗಳು ಈ ಮೈನಸ್ ಎನ್ ಹಾಕಿ ಹಾಕಿಯೇ ಸರಿ ನೋಡಿಕೊಂಡೆ. ಒಂದು ಊರೂ ತಪ್ಪಲಿಲ್ಲ.

ಆದರೆ ಆ ಸಿದ್ಧ ಆಜ್ಞೆಗೆ ಒಂದು ಹಟ ಇತ್ತು. ಅದು ಸಾಲನ್ನು ಎಡಗಡೆಯಿಂದ ಓದುತ್ತದೆ. ಮೈನಸ್‌ನಿಂದ ಶುರುವಾಗುವ ಪದ ಇರುವ ತನಕ ಆಪ್ಷನ್ ಎಂದು ತೆಗೆದುಕೊಳ್ಳುತ್ತದೆ. ಮೈನಸ್ ಇಲ್ಲದ ಬರೀ ಪದ ಒಂದು ಸಿಕ್ಕಿತೋ, ಅಲ್ಲಿಗೆ ನಿಂತಿತು. ಅದಾದ ಮೇಲೆ ನೀವು ಎಷ್ಟು ಮೈನಸ್ ಹಾಕಿದರೂ ತಿರುಗಿ ನೋಡುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ, "ಮೈನಸ್ ಮೊದಲು, ತಾಲ್ಲೂಕು ಕೊನೆಗೆ" ಎಂದು ಚೀಟಿ ಬರೆದು ಮಾನಿಟರಿಗೆ ಗೋಂದು ಹಚ್ಚಿ ಅಂಟಿಸಿದ್ದೆ. ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುವುದು ನಮ್ಮ ಕಸುಬಿನವರ ಹಳೇ ರೋಗ.

ನನ್ನ ಸೇವೆಯ ಕೊನೆಗೆ ನಸ್ರೀನ್ ಬಂದಳು. ಚನ್ನಗಿರಿಯವಳು, ಗುತ್ತಿಗೆಯ ಮೇಲೆ ಆಪರೇಟರ್. ಅಪ್ಪ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವರು, ಕಣ್ಣು ಮಂಜಾಗಿ ಆ ಕೆಲಸ ಬಿಟ್ಟಿದ್ದರು. ತಂಗಿ ಓದುತ್ತಿದ್ದಳು. ಮನೆ ನಡೆಯುತ್ತಿದ್ದುದು ಇವಳ ಕೆಲಸದಿಂದ. ದಿನಾ ಮೊದಲ ಬಸ್ಸಿಗೆ ಬಂದು ನನಗಿಂತ ಮುಂಚೆ ಕೂತಿರುತ್ತಿದ್ದಳು. ನನ್ನ ಸಿಟ್ಟಿಗೆ ಹೆದರದ ಒಬ್ಬಳೇ ಒಬ್ಬಳು ಅವಳು. ನಾನು ಶುರುಮಾಡಿದರೆ, "ಮೇಡಂ, ನೀವು ಬಯ್ಯೋದು ಬಯ್ರಿ, ಟೀ ಕುಡಿದು ಬಯ್ರಿ, ತಣ್ಣಗಾಗ್ತೈತೆ" ಅನ್ನುತ್ತಿದ್ದಳು. ಮಗಳಿಲ್ಲದ ನನಗೆ ಆ ಮಾತು ಕೇಳಿದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ನನಗೆ ಇನ್ನೊಂದು ವರ್ಷ ಸೇವೆ ಉಳಿದಿತ್ತು. ಮಳೆಗಾಲಕ್ಕೆ ಮುಂಚೆ ಒಂದು ತಾಲೀಮು ಮಾಡುವುದು ರೂಢಿ. ನಾನು ಪಟ್ಟಿ ಸರಿ ನೋಡಲು ನ್ಯಾಮತಿಗೆ ಹೋಗಿದ್ದೆ. ಕಚೇರಿಗೆ ಹೊಸ ಕಂಪ್ಯೂಟರ್ ಬಂದಿತ್ತು, ಹಳೇ ಮಾನಿಟರಿನ ಜೊತೆ ನನ್ನ ಚೀಟಿಯೂ ಗುಜರಿಗೆ ಹೋಗಿತ್ತು. ನಡುಮಧ್ಯಾಹ್ನ ನಸ್ರೀನ್ ಫೋನು ಮಾಡಿದಳು.

"ಮೇಡಂ, ಸಾಹೇಬ್ರು ಹೊನ್ನಾಳಿ ಪಟ್ಟಿ ತೋರ್ಸು ಅಂತಿದಾರೆ. ಹೆಂಗೆ ಹೊಡೀಲಿ?"

ನನ್ನ ಸುತ್ತ ಆರು ಜನ ಮಾತಾಡುತ್ತಿದ್ದರು. "ಹೊನ್ನಾಳಿ ಅಂತ ಹೊಡಿ. ಕಳಿಸಬ್ಯಾಡ, ಮೈನಸ್ ಎನ್ ಹಾಕಿಬಿಡು" ಎಂದು ಹೇಳಿ ಇಟ್ಟೆ.

ಎರಡು ನಿಮಿಷಕ್ಕೆ ಮತ್ತೆ ಫೋನು. ದನಿಯೇ ಬೇರೆ. "ಮೇಡಂ, ಹೋಗ್ತಾ ಐತೆ."

"ಏನು ಹೋಗ್ತಾ ಐತೆ?"

"ಮೆಸೇಜು. ತೋರಿಸ್ತಿಲ್ಲ ಮೇಡಂ, ಕಳಿಸ್ತಾ ಐತೆ. ನಿಲ್ಲಿಸಾಕೆ ಆಗ್ತಿಲ್ಲ."

ನಾನು ಹೇಳಿದ ಕ್ರಮದಲ್ಲೇ ಅವಳು ಹೊಡೆದಿದ್ದಳು. ಹೊನ್ನಾಳಿ ಎಂಬ ಬರೀ ಪದ ಮೊದಲು ಸಿಕ್ಕಿತು, ಯಂತ್ರ ಅಲ್ಲಿಗೆ ಓದುವುದು ನಿಲ್ಲಿಸಿತು. ಹಿಂದೆ ಬಂದ ಮೈನಸ್ ಎನ್ ಅನ್ನು ಕೇಳುವವರೇ ಇಲ್ಲ. ಮಿಕ್ಕ ಪದ ಏನಾದರೂ ಉಳಿದಿದೆಯೇ ಎಂದು ನೋಡಿ ತಕರಾರು ಮಾಡುವ ಒಂದು ಸಾಲನ್ನಾದರೂ ನಾನು ಬರೆದಿದ್ದರೆ ಆಗುತ್ತಿತ್ತು, ಬರೆದಿರಲಿಲ್ಲ. ಈಗ ಮೊದಲಿನಂತೆ ಊರಿಗೆ ನಾಲ್ಕೈದು ಜನರಲ್ಲ, ದಂಡೆಯ ಮನೆಮನೆಯ ಮೊಬೈಲೂ ಪಟ್ಟಿಯಲ್ಲಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಾಗೆ ಹೋಯಿತು.

ಹೊನ್ನಾಳಿಯಲ್ಲಿ ಅವತ್ತು ತಲೆ ಸುಡುವ ಬಿಸಿಲು. ಆದರೂ ಜನ ಹೊರಟರು, ಮೇಲಿನ ಡ್ಯಾಮಿನಲ್ಲಿ ಬಿಟ್ಟಿರಬೇಕು ಅಂದುಕೊಂಡು. ನಮ್ಮ ಓಣಿಯಲ್ಲಿ ನಂಬದೆ ನಿಂತವರನ್ನೂ ನಮ್ಮ ಯಜಮಾನರೇ ಹೊರಡಿಸಿದರಂತೆ. "ನಮ್ಮ ಮನೆಯೋಳ ಆಫೀಸಿಂದ ಬಂದಿರೋದು, ಸುಳ್ಳಿರಾಕೆ ಸಾಧ್ಯಾನೇ ಇಲ್ಲ" ಅಂತ. ತಾವು ಟೀವಿ ಹೊತ್ತುಕೊಂಡು ಮುಂದೆ ನಡೆದರಂತೆ. ತಪ್ಪಾಗಿದೆ ಎಂದು ಎರಡನೆಯ ಮೆಸೇಜು ಕಳಿಸಿದೆವು. ತಲೆಯ ಮೇಲೆ ಮಂಚ ಹೊತ್ತವರು ಫೋನು ತೆಗೆದು ಓದುತ್ತಾರೆಯೇ? ಪಕ್ಕದ ಓಣಿಯ ಒಬ್ಬ ಅಜ್ಜ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡರು. ಅದು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಮಾರನೆಯ ದಿನ ಸಾಹೇಬರು ಕರೆದರು. ನನಗಿಂತ ಬಹಳ ಚಿಕ್ಕವರು, ಕೆಟ್ಟವರಲ್ಲ, ಮೇಲಿನವರಿಗೆ ಹೆದರುವವರು. "ಏನಾಯ್ತು ಅಂತ ಒಂದೇ ಸಾಲು ಬರೆದುಕೊಡಿ ಮೇಡಂ" ಅಂದರು. ನಾನು ಬರೆದೆ: ಆಪರೇಟರ್ ನಿಗದಿತ ಕ್ರಮದಲ್ಲಿ ಆಪ್ಷನ್ ನೀಡಿರುವುದಿಲ್ಲ. ಆ ಸಾಲಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಕ್ರಮವನ್ನು ಫೋನಿನಲ್ಲಿ ಹೇಳಿಕೊಟ್ಟವರು ಯಾರು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಸಾಹೇಬರು ನಸ್ರೀನ್‌ಗೆ ಕೇಳಿದರು, "ನೀನು ಏನಾದ್ರೂ ಹೇಳೋದಿದೆಯೇನಮ್ಮ?"

ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಟೇಬಲ್ಲಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತಿದ್ದೆ.

"ಇಲ್ಲ ಸರ್. ನಾನೇ ಹೊಡೆದಿದ್ದು" ಅಂದಳು.

ಸೋಮವಾರದಿಂದ ಬರುವುದು ಬೇಡ ಎಂದರು. ಅವಳು ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಮೇಡಂ" ಎಂದು ಹೇಳಿ ಹೋದಳು. ನನ್ನ ಬಾಯಿ, ಇಡೀ ಕಚೇರಿ ಹೆದರುತ್ತಿದ್ದ ಬಾಯಿ, ಆಗ ತೆರೆಯಲಿಲ್ಲ. ಒಂದೇ ವರ್ಷ ಉಳಿದಿದೆ, ಶುದ್ಧವಾಗಿ ಹೊರಗೆ ಹೋಗಿಬಿಡೋಣ ಎಂಬ ಆಸೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅದಾದ ಮುಂದಿನ ವಾರ ತಾಲ್ಲೂಕುಗಳ ಆಪರೇಟರುಗಳಿಗೆ ಕ್ರಮಬದ್ಧವಾಗಿ ಹೊಡೆಯುವುದನ್ನು ಕಲಿಸಿ ಬನ್ನಿ ಎಂದು ನನ್ನನ್ನೇ ಕಳಿಸಿದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮುಗಿಸಿ ಕೊನೆಗೆ ಜಗಳೂರಿಗೆ ಹೋದೆ. ಪ್ರತಿಯೊಂದು ಕಡೆ ಪಾಠ ಶುರು ಮಾಡುವ ಮೊದಲು ಒಂದು ಹಾಳೆ ಕೊಟ್ಟು, "ನಿಮ್ಮ ತಾಲ್ಲೂಕಿನ ಪಟ್ಟಿ ತೋರಿಸಬೇಕು, ಕಳಿಸಬಾರದು. ಹೆಂಗೆ ಹೊಡೀತೀರಿ ಬರೀರಿ" ಅಂದೆ. ನಾಲ್ಕೂ ಕಡೆಯವರು ತಾಲ್ಲೂಕನ್ನೇ ಮೊದಲು ಬರೆದರು, ಮೈನಸ್ ಎನ್ ಕೊನೆಗೆ. ಜಗಳೂರಿನಲ್ಲಿ ನನಗೆ ರೇಗಿತು. "ಯಾಕ್ರೀ ಎಲ್ಲಾರೂ ಹಿಂಗೇ ಬರೀತೀರಿ?" ಎಂದು ಕೇಳಿದೆ.

ಆ ಆಪರೇಟರ್ ಬಹಳ ಸಾವಧಾನದ ಮನುಷ್ಯ. "ಅಲ್ಲ ಮೇಡಂ, ಊರು ಹೇಳದೆ ಮಾತು ಎತ್ತೋದು ಹೆಂಗೆ?" ಅಂದರು.

ನಮ್ಮ ಕಡೆ ಕಚೇರಿಗೆ ಬಂದವರು ಯಾರೇ ಆಗಲಿ, ಬಾಗಿಲಲ್ಲೇ "ನಾವು ನಲ್ಲೂರಿನೋರು ರೀ" ಅನ್ನುತ್ತಾರೆ. ಆಮೇಲೆ ಯಾರ ಮನೆಯವರು, ಆಮೇಲೆ ಬಂದ ಕೆಲಸ. ಸೀದಾ ಕೆಲಸಕ್ಕೆ ಬಂದವರನ್ನು ದುಡುಕಿನವರು ಎಂದು ನಾವೇ ಆಡಿಕೊಳ್ಳುತ್ತೇವೆ. ಅಂಥ ಕಚೇರಿಯಲ್ಲಿ ಇಷ್ಟು ವರ್ಷ ಕೂತು, ಈ ಸೀಮೆಯಲ್ಲಿ ಯಾರೂ ಬರದ ರೀತಿಯಲ್ಲಿ ಬಂದರೆ ಮಾತ್ರ ಕೇಳುವ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಮೈಮರೆತ ಹೊತ್ತಿನಲ್ಲಿ ನನ್ನ ಬಾಯಿಂದಲೂ ಬಂದದ್ದು ಊರೇ ಮೊದಲು. ತಪ್ಪಿದ್ದು ಆ ಹುಡುಗಿಯ ಬೆರಳಲ್ಲ.

ಕಚೇರಿಗೆ ಬಂದವಳೇ ಎರಡನೆಯ ಕಾಗದ ಬರೆದೆ. ಸ್ಕ್ರಿಪ್ಟಿನ ದೋಷ ನನ್ನದು, ಫೋನಿನಲ್ಲಿ ಹೇಳಿಕೊಟ್ಟವಳೂ ನಾನೇ ಎಂದು.

ಸಾಹೇಬರು ಓದಿ, "ನಿಮಗಿನ್ನು ಒಂದು ವರ್ಷ ಇದೆ. ಮುಗಿದುಹೋದದ್ದನ್ನ ಸುಮ್ನೆ ಯಾಕೆ ಮೈಮೇಲೆ ಎಳ್ಕೊತೀರಿ?" ಅಂದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ ಆಗೈತೆ ಸರ್. ಎತ್ತು ನಾನು."

ಅವರಿಗೆ ನಗು ಬಂತು, ತಡೆದುಕೊಂಡರು. ನನಗೆ ಒಂದು ಮೆಮೊ ಬಂತು. ನಸ್ರೀನ್‌ಳನ್ನು ಮತ್ತೆ ತೆಗೆದುಕೊಳ್ಳಲು ಆದೇಶ ಆಗುವಷ್ಟರಲ್ಲಿ ಒಂದು ತಿಂಗಳು ಹಿಡಿಯಿತು, ನಾನು ದಿನಾ ಸಾಹೇಬರ ಬಾಗಿಲಲ್ಲಿ ನಿಂತದ್ದಕ್ಕೆ ಅಷ್ಟು ಬೇಗ ಆಯಿತು. ಆದೇಶದ ಪ್ರತಿ ಹಿಡಿದು ನಾನೇ ಚನ್ನಗಿರಿಗೆ ಹೋದೆ.

ಅವಳ ಅಪ್ಪ ಕುರ್ಚಿ ಹಾಕಿಸಿದರು, ಅವಳು ಟೀ ತಂದಳು. ನಾನು ಎಲ್ಲ ಹೇಳಿದೆ. ಫೋನಿನಲ್ಲಿ ಹೇಳಿಕೊಟ್ಟದ್ದು ನನಗೆ ಮೊದಲಿನಿಂದಲೂ ನೆನಪಿತ್ತು ಎಂಬುದನ್ನೂ ಹೇಳಿದೆ.

"ನಂಗೂ ನೆನಪಿತ್ತು ಮೇಡಂ" ಅಂದಳು. "ನೀವು ಹೇಳ್ತೀರಿ ಅಂತ ಕಾದೆ. ಅವತ್ತು ಬಸ್‌ಸ್ಟ್ಯಾಂಡಿನಾಗೆ ಎರಡು ಬಸ್ಸು ಬಿಟ್ಟು ಕೂತಿದ್ದೆ, ನೀವು ಫೋನ್ ಮಾಡ್ತೀರಿ ಅಂತ."

ಆ ಎರಡು ಬಸ್ಸು ನನ್ನ ಎದೆಯ ಮೇಲೆ ಹೋದಂತಾಯಿತು. ಕೈ ಹಿಡಿದುಕೊಂಡು ತಪ್ಪಾಯ್ತು ಕಣಮ್ಮ ಅಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ನಗಲೂ ಇಲ್ಲ.

ಸ್ಕ್ರಿಪ್ಟ್ ತಿದ್ದಲು ಒಂದು ಬೆಳಿಗ್ಗೆ ಸಾಕಾಯಿತು. ಈಗ ಆಪ್ಷನ್ ಹಿಂದೆ ಬಂದರೂ ಮುಂದೆ ಬಂದರೂ ಓದುತ್ತದೆ. ಅರ್ಥವಾಗದ ಪದ ಒಂದಿದ್ದರೂ ಏನೂ ಮಾಡದೆ ನಿಂತು ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ, ಏನೂ ಹೇಳದಿದ್ದರೆ ಬರೀ ತೋರಿಸುತ್ತದೆ. ಕಳಿಸು ಎಂದು ಪೂರ್ತಿ ಪದ ಹೊಡೆದರೆ ಮಾತ್ರ ಕಳಿಸುತ್ತದೆ. ಮಕ್ಕಳೇ, ನನ್ನಿಂದ ಕಲಿಯುವುದು ಏನಾದರೂ ಇದ್ದರೆ ಇದೊಂದೇ. ಸುಮ್ಮನಿರುವುದಕ್ಕೆ ಅಪ್ಪಣೆ ಬೇಕಾಗಬಾರದು, ಅನಾಹುತಕ್ಕೆ ಬೇಕು.

ನಸ್ರೀನ್ ಬಂದಳು. ಮೊದಲಿನಷ್ಟೇ ಅಚ್ಚುಕಟ್ಟು. ಆದರೆ ಕಳಿಸು ಎಂದು ಹೊಡೆದಾದ ಮೇಲೆ ಎಂಟರ್ ಕೀಲಿಯ ಮೇಲೆ ಅವಳ ಬೆರಳು ಇಳಿಯುತ್ತಿರಲಿಲ್ಲ. "ಮೇಡಂ, ಒಂಚೂರು ನೀವು ಒತ್ತಿ" ಅನ್ನುತ್ತಿದ್ದಳು. ಆ ಮಳೆಗಾಲ ಪೂರ್ತಿ ನಾನೇ ಒತ್ತಿದೆ. ಮುಂದಿನ ಬೇಸಗೆಯಲ್ಲಿ ನಿವೃತ್ತಳಾದೆ. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಾನು ಅತ್ತೆ. ಯಂತ್ರದ ಮುಂದೆ ಕೂತ ಆ ಹುಡುಗಿಯನ್ನು ನೋಡಿ, ಇನ್ನು ಯಾರು ಒತ್ತುತ್ತಾರೆ ಎಂಬ ಚಿಂತೆಯಲ್ಲಿ ಅತ್ತೆ ಎಂದು ಯಾರಿಗೂ ಹೇಳಲಿಲ್ಲ.

ಇನ್ನೊಂದು ವಿಷಯವನ್ನೂ ಯಾರಿಗೂ ಹೇಳಿರಲಿಲ್ಲ. ನನ್ನ ಎರಡನೆಯ ಕಾಗದ ಫೈಲಿನೊಳಗೆ ಸೇರಿತ್ತು, ಹೊನ್ನಾಳಿಗೆ ಬಂದಿರಲಿಲ್ಲ. ಇಲ್ಲಿ ಎಲ್ಲರ ಬಾಯಲ್ಲೂ ಇದ್ದುದು, ಚನ್ನಗಿರಿ ಹುಡುಗಿಯೊಬ್ಬಳು ಗೊತ್ತುಗುರಿ ಇಲ್ಲದೆ ಒತ್ತಿಬಿಟ್ಟಳಂತೆ ಎಂಬ ಸುದ್ದಿ. ಎದುರುಮನೆಯ ಶಾಂತಕ್ಕ ನನ್ನ ಮುಂದೆಯೇ ಎಷ್ಟೋ ಸಲ ಹಾಗೆ ಅಂದಿದ್ದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕಚೇರಿಯಲ್ಲಿ ಒಪ್ಪಿಕೊಂಡಾಗಿದೆಯಲ್ಲ, ಓಣಿಗೆ ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಒಗ್ಗರಣೆ ಹಾಕುತ್ತಿದ್ದಾಗ ಫೋನು ಕಿಣಿಗುಟ್ಟಿತು. ಹೊಳೆಯ ನೀರು ಏರುತ್ತಿದೆ, ದಂಡೆಯಲ್ಲಿರುವವರು ಎತ್ತರದ ಜಾಗಕ್ಕೆ ಹೋಗಿರಿ. ನಾನು ಬರೆದ ಅದೇ ಮಾತು. ನಸ್ರೀನ್ ತಾನೇ ಒತ್ತಿದ್ದಾಳೆ ಅನ್ನಿಸಿತು. ಒಲೆ ಆರಿಸಿ ಹೊರಗೆ ಬಂದೆ.

ಓಣಿಯಲ್ಲಿ ಜನ ಫೋನು ಹಿಡಿದು ನಿಂತಿದ್ದರು, ಯಾರೂ ಕದಲುತ್ತಿರಲಿಲ್ಲ. ಶಾಂತಕ್ಕ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದರು. "ಅದೇ ಚನ್ನಗಿರಿ ಹುಡುಗಿ ಇರಬೇಕು, ಹೋದ ವರ್ಷದಂಗೆ. ನಾನಂತೂ ಒಂದು ಲೋಟಾನೂ ಎತ್ತಲ್ಲ ತಗೀರಿ" ಅಂದರು. ಉಳಿದವರು ನಕ್ಕರು.

"ಅದೇ ಹುಡುಗೀನೇ ಶಾಂತಕ್ಕ. ನಸ್ರೀನ್ ಅಂತ ಅವಳ ಹೆಸರು. ಹೋದ ವರ್ಷ ತಪ್ಪು ಮಾಡಿದ್ದು ಅವಳಲ್ಲ, ನಾನು" ಅಂದೆ. ಎಲ್ಲರಿಗೂ ಕೇಳಲಿ ಎಂದು ದನಿ ಎತ್ತಿದೆ. "ಬರೆದೋಳೂ ನಾನೇ, ತಪ್ಪು ಹೇಳಿಕೊಟ್ಟೋಳೂ ನಾನೇ. ಅವಳು ನನ್ನ ಮಾನ ಕಾಯಾಕೆ ಕೆಲಸ ಕಳಕಂಡಳು. ಇವತ್ತು ಅವಳು ಒತ್ತಿದಾಳೆ ಅಂದ್ರೆ ನೀರು ಬರ್ತೈತೆ. ಏಳ್ರಿ."

ಶಾಂತಕ್ಕನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. "ಒಂದು ವರ್ಷದಿಂದ ಆ ಹುಡುಗಿಗೆ ಬೈಕಂಡು ತಿರುಗಿದ್ನಲ್ರೀ. ಎದುರುಮನೆಯಾಗಿದ್ದು ಒಂದು ಮಾತು ಹೇಳಲಿಲ್ಲ ನೀವು" ಅಂದರು.

"ಹೇಳಲಿಲ್ಲ" ಅಂದೆ. "ಬಯ್ಯೋದು ಎಷ್ಟೈತೋ ಅಷ್ಟೂ ಬಯ್ರಿ, ಮೇಲೆ ಹೋಗಿ ಬಯ್ರಿ."

ಅವರು ಎದ್ದು ಒಳಗೆ ಹೋಗಿ ಟ್ರಂಕು ಎಳೆದುಕೊಂಡು ಬಂದರು. ಒಂದು ಕಡೆ ಅವರು ಹಿಡಿದರು, ಇನ್ನೊಂದು ಕಡೆ ನಾನು. ಎತ್ತರದಲ್ಲಿರುವ ಶಾಲೆಯ ತನಕ ಅವರು ನನ್ನ ಜೊತೆ ಮಾತಾಡಲಿಲ್ಲ. ಹಿಂದೆ ಇಡೀ ಓಣಿ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನೀರು ಶಾಂತಕ್ಕನ ಮನೆಯ ಹೊಸ್ತಿಲು ದಾಟಿತು. ಒಳಗೆ ಯಾರೂ ಇರಲಿಲ್ಲ.